ನಿಮ್ಮ ಪಾಸ್‌ವರ್ಡ್ ಅವರಿಗೂ ಗೊತ್ತಿಲ್ಲ

ನಾರ್ವೆಯ ಐವರ್ ಓಸೆನ್ ಭಾಷಾ ಕೇಂದ್ರ 2002ರಲ್ಲಿ ಒಂದು ಫಜೀತಿಗೆ ಸಿಕ್ಕಿಕೊಂಡಿತು. ರೈಡಾರ್ ಯೂಪೆಡಾಲ್ ಎಂಬ ವಿದ್ವಾಂಸರ ಅಪರೂಪದ ಪುಸ್ತಕ ಸಂಗ್ರಹ ಕೇಂದ್ರದ ಕೈಸೇರಿತ್ತು. ಸಾವಿರಾರು ಪುಸ್ತಕಗಳ ಪಟ್ಟಿಯೂ ಕಂಪ್ಯೂಟರಿನಲ್ಲಿ ಸಿದ್ಧವಿತ್ತು. ಆದರೆ ಪಟ್ಟಿ ಮಾಡಿದವರು ತೀರಿಕೊಂಡಿದ್ದರು, ಪಾಸ್‌ವರ್ಡ್ ಅವರ ಜೊತೆಗೇ ಹೋಗಿತ್ತು. ಬೇರೆ ದಾರಿ ಕಾಣದೆ ಕೇಂದ್ರದವರು 'ಯಾರಾದರೂ ಹ್ಯಾಕರುಗಳು ಇದನ್ನು ಬಿಡಿಸಿಕೊಡಿ' ಎಂದು ಬಹಿರಂಗವಾಗಿ ಮೊರೆಯಿಟ್ಟರು. ಕೆಲವೇ ಗಂಟೆಗಳಲ್ಲಿ ಉತ್ತರ ಬಂತು. ಯೂಪೆಡಾಲ್ ಎಂಬ ಹೆಸರನ್ನು ಬಾಲದಿಂದ ತಲೆಯವರೆಗೆ ತಿರುಗಿಸಿ ಬರೆದರೆ ಏನಾಗುತ್ತದೋ ಅದೇ ಪಾಸ್‌ವರ್ಡ್ ಆಗಿತ್ತು!

ಇದಕ್ಕೆ ತದ್ವಿರುದ್ಧವಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಪ್ರೋಗ್ರಾಮರ್ ಸ್ಟೆಫಾನ್ ಥಾಮಸ್ ಅವರ ಕಥೆ. ಅವರ 7,002 ಬಿಟ್‌ಕಾಯಿನ್‌ಗಳ ಗುಟ್ಟು ಐರನ್‌ಕೀ ಎಂಬ ಭದ್ರ ಪೆನ್‌ಡ್ರೈವ್ ಒಂದರಲ್ಲಿದೆ. ಪಾಸ್‌ವರ್ಡ್ ಬರೆದಿಟ್ಟ ಚೀಟಿ ಕಳೆದುಹೋಯಿತು. ಆ ಸಾಧನ ಹತ್ತು ಸಲ ಮಾತ್ರ ಊಹಿಸಲು ಬಿಡುತ್ತದೆ, ಆಮೇಲೆ ಶಾಶ್ವತವಾಗಿ ಬಾಯಿ ಮುಚ್ಚುತ್ತದೆ. 2021ರಲ್ಲಿ ಸುದ್ದಿ ಹೊರಬಂದಾಗ ಎಂಟು ಅವಕಾಶಗಳು ಮುಗಿದಿದ್ದವು. ಕೋಟ್ಯಂತರ ಡಾಲರು ಕೈಯಲ್ಲೇ ಇದ್ದರೂ ಬಾಯಿಗಿಲ್ಲ.

ನಾವು ದಿನವೂ ಬಳಸುವ ಜಾಲತಾಣಗಳು ಈ ಎರಡರ ನಡುವೆ ನಿಲ್ಲುತ್ತವೆ. ರೈಲ್ವೆ ಟಿಕೆಟ್ ತಾಣವಿರಲಿ, ತೆರಿಗೆ ತಾಣವಿರಲಿ, 'ಪಾಸ್‌ವರ್ಡ್ ಮರೆತಿರಾ?' ಎಂಬುದನ್ನು ಒತ್ತಿದರೆ ಹಳೆಯದನ್ನು ಹೇಳುವುದಿಲ್ಲ; ಹೊಸದನ್ನು ಮಾಡಿಕೊಳ್ಳಿ ಅನ್ನುತ್ತದೆ. ಹಲವರಿಗೆ ಇಲ್ಲಿ ಸಿಟ್ಟು ಬರುತ್ತದೆ. 'ನಾನೇ ಕೊಟ್ಟಿದ್ದಲ್ವಾ, ಅದನ್ನೇ ವಾಪಸ್ ಹೇಳೋಕೆ ಇವರಿಗೇನು ಕಷ್ಟ?' ಕಷ್ಟವೇನೆಂದರೆ, ಅವರಿಗೆ ಗೊತ್ತಿಲ್ಲ. ನೀವು ಕೊಟ್ಟ ಪಾಸ್‌ವರ್ಡನ್ನು ಒಳ್ಳೆಯ ತಾಣ ಯಾವತ್ತೂ ಇಟ್ಟುಕೊಂಡೇ ಇರುವುದಿಲ್ಲ.

ಈ ಶಿಸ್ತು ಸುಮ್ಮನೆ ಬಂದದ್ದಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕಾರ್ಬಟೋ ತಂಡ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ಸಿಟಿಎಸ್‌ಎಸ್ ವ್ಯವಸ್ಥೆ ಕಟ್ಟಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಪಾಸ್‌ವರ್ಡ್ ಬಂತು. ಎಲ್ಲರ ಪಾಸ್‌ವರ್ಡುಗಳೂ ಒಂದೇ ಕಡತದಲ್ಲಿ, ಇದ್ದದ್ದು ಇದ್ದ ಹಾಗೇ ಇದ್ದವು. ಅಲ್ಲಿನ ಸಂಶೋಧಕ ಅಲನ್ ಶೆರ್‌ಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆಯ ಕಂಪ್ಯೂಟರ್ ಸಮಯ ಸಾಲುತ್ತಿರಲಿಲ್ಲ. 1962ರಲ್ಲಿ ಆತ ಮಾಡಿದ್ದು ಇಷ್ಟೇ: ಆ ಕಡತವನ್ನು ಪ್ರಿಂಟ್ ಹಾಕಲು ಕಂಪ್ಯೂಟರನ್ನೇ ಕೇಳಿದ. ಅದು ವಿನಯದಿಂದ ಹಾಕಿಕೊಟ್ಟಿತು. 1966ರಲ್ಲಿ ಇನ್ನೂ ತಮಾಷೆ ನಡೆಯಿತು. ತಂತ್ರಾಂಶದ ದೋಷದಿಂದ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಸ್ವಾಗತ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿಕೊಂಡವು.

ಉಪಾಯ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಅದೇ ದಶಕದ ಉತ್ತರಾರ್ಧದಲ್ಲಿ. ರೋಜರ್ ನೀಡ್‌ಹ್ಯಾಮ್ ಮತ್ತು ಮೈಕ್ ಗೈ ಯೋಚಿಸಿದ್ದು ಹೀಗೆ: ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಹೇಳಲು ಕಂಪ್ಯೂಟರಿಗೆ ಪಾಸ್‌ವರ್ಡ್ ಯಾಕೆ ಗೊತ್ತಿರಬೇಕು? ಅದನ್ನು ಒಂದು ಗಣಿತ ಸೂತ್ರಕ್ಕೆ ಹಾಕಿ ಬಂದ ಫಲಿತಾಂಶ ಮಾತ್ರ ಇಟ್ಟುಕೊಂಡರೆ ಸಾಕು. ಮರುದಿನ ಬಳಕೆದಾರ ಪಾಸ್‌ವರ್ಡ್ ಒತ್ತಿದಾಗ ಅದನ್ನೂ ಅದೇ ಸೂತ್ರಕ್ಕೆ ಹಾಕಿ, ಎರಡು ಫಲಿತಾಂಶಗಳು ಒಂದೇ ಆದರೆ ಒಳಗೆ ಬಿಟ್ಟರಾಯಿತು. ಈ ಸೂತ್ರಕ್ಕೆ ಹ್ಯಾಶ್ ಎಂದು ಹೆಸರು. ಗಿರಣಿಗೆ ಹಾಕಿದ ರಾಗಿ ಹಿಟ್ಟಾಗುತ್ತದೆಯೇ ಹೊರತು ಹಿಟ್ಟು ಮತ್ತೆ ರಾಗಿಯಾಗುವುದಿಲ್ಲವಲ್ಲ, ಹ್ಯಾಶ್ ಕೂಡ ಒಮ್ಮುಖ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಸೂತ್ರಕ್ಕೆ ಒಂದಕ್ಷರ ಕೊಡಿ, ಇಡೀ ಮಹಾಭಾರತ ಕೊಡಿ, ಹೊರಬರುವುದು 256 ಬಿಟ್‌ಗಳೇ. ಒಂದು ಅಲ್ಪವಿರಾಮ ಬದಲಾದರೂ ಫಲಿತಾಂಶ ಗುರುತು ಸಿಗದಷ್ಟು ಬದಲಾಗುತ್ತದೆ.

ಹಿಂದಕ್ಕೆ ಹೋಗಲಾಗದಿದ್ದರೂ ಊಹಿಸಬಹುದು. ಕಳ್ಳ ಹ್ಯಾಶ್‌ಗಳ ಪಟ್ಟಿ ಕದ್ದ ಮೇಲೆ ಮಾಡುವುದು ಅದನ್ನೇ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡುಗಳು ಒಟ್ಟು ಸುಮಾರು 20,900 ಕೋಟಿ ಇರಬಹುದು. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ವಿಡಿಯೋ ಗೇಮ್‌ಗೆಂದು ಮಾಡಿದ ಗ್ರಾಫಿಕ್ಸ್ ಕಾರ್ಡ್ ಒಂದು, ಹಳೆಯ ಎಂಡಿ5 ಬಗೆಯ ಹ್ಯಾಶ್‌ಗಳನ್ನು ಸೆಕೆಂಡಿಗೆ ಸಾವಿರಾರು ಕೋಟಿ ಲೆಕ್ಕಹಾಕುತ್ತದೆ. ಅದಕ್ಕೆ ಇದು ಕೆಲವು ಸೆಕೆಂಡುಗಳ ಕೆಲಸ. ಅದಕ್ಕೇ 1999ರಲ್ಲಿ ಬಿಕ್ರಿಪ್ಟ್ ಎಂಬ, ಬೇಕೆಂದೇ ನಿಧಾನವಾಗಿ ಅರೆಯುವ ಸೂತ್ರ ಬಂತು. ಕಂಪ್ಯೂಟರ್ ಲೋಕದಲ್ಲಿ ನಿಧಾನವೇ ಗುಣವಾದ ಅಪರೂಪದ ಉದಾಹರಣೆ ಇದು. ಅದಕ್ಕೂ ಮೊದಲೇ, 1979ರಲ್ಲಿ, ಯುನಿಕ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 'ಉಪ್ಪು' ಹಾಕುವ ವಿಧಾನವನ್ನು ವಿವರಿಸಿದ್ದರು: ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ಚೂರು ಬೆರೆಸಿ ಹ್ಯಾಶ್ ಮಾಡುವುದು. ಆಗ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಪಟ್ಟಿಯಲ್ಲಿ ಬೇರೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಸೋರಿದಾಗ ಅವು ಹ್ಯಾಶ್ ಕೂಡ ಆಗಿರಲಿಲ್ಲ. ಅತಿ ಹೆಚ್ಚು ಬಳಕೆಯಲ್ಲಿದ್ದ ಪಾಸ್‌ವರ್ಡ್ 123456 ಎಂಬುದು ಲೋಕಕ್ಕೆ ಗೊತ್ತಾಗಿದ್ದು ಆಗಲೇ. ಯಾವುದಾದರೂ ತಾಣ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳಿಸಿಕೊಟ್ಟರೆ ಸಂತೋಷಪಡಬೇಡಿ. ಅಲ್ಲಿ ಅದು ಬಿಚ್ಚಿಟ್ಟ ಸ್ಥಿತಿಯಲ್ಲಿದೆ ಎಂದರ್ಥ.

ಹಾಗಾದರೆ ಮರೆತವರ ಗತಿ? ತಾಣಕ್ಕೆ ಪಾಸ್‌ವರ್ಡ್ ಗೊತ್ತಿಲ್ಲ, ಆದರೆ ನಿಮ್ಮನ್ನು ತಲುಪುವ ವಿಳಾಸ ಗೊತ್ತಿದೆ. ಅದು ಯಾರೂ ಊಹಿಸಲಾಗದ ಒಂದು ಉದ್ದನೆಯ ಸಂಖ್ಯೆಯನ್ನು ಸೃಷ್ಟಿಸಿ, ಕೊಂಡಿಯೊಳಗೆ ಸೇರಿಸಿ ನಿಮ್ಮ ಇಮೇಲ್‌ಗೆ ಕಳಿಸುತ್ತದೆ, ಇಲ್ಲವೇ ಮೊಬೈಲ್‌ಗೆ ಒಟಿಪಿ ಕಳಿಸುತ್ತದೆ. ಕೊಂಡಿಗೆ ಆಯಸ್ಸು ಕಡಿಮೆ, ಬಳಕೆ ಒಂದೇ ಸಲ. ಇಮೇಲ್ ತಡವಾಯಿತೆಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರು ಒಂದು ವಿಷಯ ತಿಳಿದಿರಬೇಕು: ಅನೇಕ ತಾಣಗಳಲ್ಲಿ ಹೊಸ ಕೊಂಡಿ ಹೊರಟ ಕೂಡಲೇ ಹಳೆಯದು ಸಾಯುತ್ತದೆ. ಮೊದಲು ಬಂದದ್ದನ್ನು ಒತ್ತಿ 'ಅವಧಿ ಮುಗಿದಿದೆ' ಎಂಬ ಉತ್ತರ ಪಡೆಯುವುದು ಹೀಗೆ. 'ಈ ವಿಳಾಸ ನಮ್ಮಲ್ಲಿ ನೋಂದಣಿಯಾಗಿದ್ದರೆ ಕೊಂಡಿ ಕಳಿಸಿದ್ದೇವೆ' ಎಂಬ ಅಡ್ಡಗೋಡೆಯ ಮೇಲಿನ ದೀಪದಂಥ ಉತ್ತರಕ್ಕೂ ಕಾರಣವಿದೆ. ಖಚಿತವಾಗಿ ಹೇಳಿದರೆ ಯಾರ ಖಾತೆ ಎಲ್ಲಿದೆ ಎಂದು ಕಳ್ಳನಿಗೂ ತಿಳಿಯುತ್ತದೆ.

ಒಟ್ಟಾರೆ ನಿಮ್ಮ ಎಲ್ಲ ಖಾತೆಗಳ ಭದ್ರತೆ ಒಂದು ಇಮೇಲ್ ಮತ್ತು ಒಂದು ಮೊಬೈಲ್ ನಂಬರಿನ ಮೇಲೆ ನಿಂತಿದೆ. ಬ್ಯಾಂಕಿನ ಪಾಸ್‌ವರ್ಡನ್ನು ಹನ್ನೆರಡು ಅಕ್ಷರ, ಎರಡು ಚಿಹ್ನೆ ಹಾಕಿ ಬಿಗಿ ಮಾಡಿ, ಇಮೇಲ್‌ಗೆ ಮಗಳ ಹೆಸರು ಮತ್ತು ಹುಟ್ಟಿದ ವರ್ಷ ಇಟ್ಟವರು ನಮ್ಮಲ್ಲಿ ಬಹಳ.

ಮೊಬೈಲ್ ನಂಬರಿನದು ಇನ್ನೂ ಸೂಕ್ಷ್ಮ. ನಕಲಿ ದಾಖಲೆ ತೋರಿಸಿ ನಿಮ್ಮ ನಂಬರಿಗೆ ಬೇರೆ ಸಿಮ್ ಪಡೆದವನಿಗೆ ನಿಮ್ಮ ಒಟಿಪಿಗಳೆಲ್ಲ ಹೋಗುತ್ತವೆ. ಇದನ್ನು ತಡೆಯಲೆಂದೇ ದೂರಸಂಪರ್ಕ ಇಲಾಖೆ 2022ರಲ್ಲಿ, ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು. ಸೇವೆ ನಿಂತ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅದರಾಚೆಗೆ ಆ ನಂಬರು ಯಾರದೋ. ಅಮೆರಿಕಕ್ಕೋ ದುಬೈಗೋ ಹೋದ ನಮ್ಮವರು ಊರಿನ ಸಿಮ್‌ಗೆ ರೀಚಾರ್ಜ್ ಮಾಡದೆ ಬಿಟ್ಟು, ಆಮೇಲೆ ಇಲ್ಲಿನ ಬ್ಯಾಂಕ್ ಖಾತೆಯ ಹೊರಗೆ ನಿಂತು ಪರದಾಡುವುದು ಇದರಿಂದಲೇ.

'ನಿಮ್ಮ ತಾಯಿಯ ತವರಿನ ಹೆಸರೇನು?' ಎಂಬಂಥ ಗುಟ್ಟಿನ ಪ್ರಶ್ನೆಗಳ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಅವರ ಯಾಹೂ ಖಾತೆಗೆ ಒಬ್ಬ ವಿದ್ಯಾರ್ಥಿ ನುಗ್ಗಿದ್ದು ಇಂಥ ಪ್ರಶ್ನೆಗಳ ಮೂಲಕ. ಹುಟ್ಟಿದ ದಿನ, ಪಿನ್‌ಕೋಡ್, ಪತಿಯನ್ನು ಮೊದಲು ಕಂಡ ಜಾಗ, ಎಲ್ಲವೂ ಅಂತರ್ಜಾಲದಲ್ಲೇ ಸಿಗುತ್ತಿತ್ತು. ಯಾವುದಾದರೂ ತಾಣ ಇಂದಿಗೂ ಕೇಳಿದರೆ, ಸಂಬಂಧವಿಲ್ಲದ ಸುಳ್ಳು ಉತ್ತರ ಕೊಟ್ಟು ಅದನ್ನು ಬರೆದಿಟ್ಟುಕೊಳ್ಳಿ.

ಪಾಸ್‌ವರ್ಡ್ ಮರೆತು ಖಾತೆಯ ಹೊರಗೆ ನಿಂತಾಗ ಮೊದಲು ಮಾಡಬೇಕಾದದ್ದು ಊಹಿಸುವುದನ್ನು ನಿಲ್ಲಿಸುವುದು. ಕೆಲವು ತಪ್ಪುಗಳಾದ ಮೇಲೆ ಖಾತೆಗೇ ತಡೆ ಬೀಳುತ್ತದೆ. ನಂತರ ನಿಮ್ಮ ಫೋನಿನ ಇಲ್ಲವೇ ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಪಾಸ್‌ವರ್ಡ್ ಮ್ಯಾನೇಜರ್ ತೆರೆಯಿರಿ. ಎಂದೋ 'ಸೇವ್' ಒತ್ತಿದ್ದರೆ ಪಾಸ್‌ವರ್ಡ್ ಅಲ್ಲೇ ಕುಳಿತಿರುತ್ತದೆ. ಇಲ್ಲಿ ಮಾತ್ರ ಹಳೆಯದು ಓದಲು ಸಿಗುತ್ತದೆ. ಕಾರಣ, ಬ್ರೌಸರು ಅದನ್ನು ನಿಮಗಾಗಿ ಮತ್ತೆ ಟೈಪ್ ಮಾಡಬೇಕು, ಹಾಗಾಗಿ ಹ್ಯಾಶ್ ಮಾಡದೆ, ಮತ್ತೆ ಬಿಡಿಸಬಹುದಾದ ಗೂಢಲಿಪಿಯಲ್ಲಿ ಇಟ್ಟಿರುತ್ತದೆ. ಗೂಗಲ್ ಖಾತೆಯೇ ಕೈಕೊಟ್ಟಿದ್ದರೆ, ನೀವು ದಿನವೂ ಬಳಸುವ ಫೋನಿನಿಂದ, ದಿನವೂ ಇರುವ ಜಾಗದಿಂದ ಪ್ರಯತ್ನಿಸಿ. ಪರಿಚಿತ ಸಾಧನ, ಪರಿಚಿತ ಸ್ಥಳ ಎಂಬುದೂ ಅಲ್ಲಿ ಸಾಕ್ಷಿಯಾಗುತ್ತದೆ. ಆದಾಯ ತೆರಿಗೆಯ ತಾಣದಲ್ಲಿ ಆಧಾರ್ ಒಟಿಪಿಯ ದಾರಿಯೂ ಇದೆ, ಬ್ಯಾಂಕಿನ ನೆಟ್‌ಬ್ಯಾಂಕಿಂಗ್ ಮೂಲಕ ಒಳಹೋಗುವ ದಾರಿಯೂ ಇದೆ.

ನೆನಪಿಡಲು ಎರಡೋ ಮೂರೋ ಪಾಸ್‌ವರ್ಡ್ ಸಾಕು, ಉಳಿದದ್ದು ಮ್ಯಾನೇಜರ್ ನೋಡಿಕೊಳ್ಳಲಿ. ಆ ಎರಡು ಮೂರಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ. ಗಾದೆ, ಸಿನಿಮಾ ಹಾಡು ಬೇಡ. ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ಹಳೆಯ ಕಟ್ಟಳೆಯನ್ನು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿತು. ಬದಲಿಸಿ ಬದಲಿಸಿ ಜನ ಕೊನೆಯಲ್ಲಿ 1, 2, 3 ಸೇರಿಸುತ್ತಿದ್ದರು, ಅಷ್ಟೇ. 2022ರಿಂದ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಒಟ್ಟಾಗಿ ತಳ್ಳುತ್ತಿರುವ ಪಾಸ್‌ಕೀ ಎಂಬ ಏರ್ಪಾಟಿನಲ್ಲಿ ಮರೆಯಲು ಏನೂ ಇಲ್ಲ. ಗುಟ್ಟು ನಿಮ್ಮ ಕಡೆಯೇ ಇರುತ್ತದೆ, ತಾಣಕ್ಕೆ ಅದರ ಜೋಡಿ ಸಂಖ್ಯೆ ಮಾತ್ರ ಹೋಗುತ್ತದೆ, ಬೆರಳೊತ್ತಿದರೆ ಕೆಲಸ ಮುಗಿಯಿತು. ಸಿಗುವ ಕಡೆಯೆಲ್ಲ ತೆಗೆದುಕೊಳ್ಳಿ.

ಇನ್ನೊಂದು ತೊಡಕು ನಮ್ಮ ಕಡೆಯದೇ. ವಿದ್ಯಾರ್ಥಿವೇತನಕ್ಕೋ ಪರೀಕ್ಷೆಗೋ ಅರ್ಜಿ ತುಂಬಲು ಬ್ರೌಸಿಂಗ್ ಸೆಂಟರಿಗೆ ಹೋದಾಗ, ಬೇಗ ಮುಗಿಯಲೆಂದು ಅಂಗಡಿಯವರು ತಮ್ಮದೇ ಇಮೇಲ್, ತಮ್ಮದೇ ನಂಬರು ಹಾಕಿಬಿಡುವುದುಂಟು. ವರ್ಷದ ನಂತರ ಒಟಿಪಿ ಆ ಅಂಗಡಿಗೆ ಹೋಗುತ್ತದೆ, ಅಂಗಡಿ ಎತ್ತಿದ್ದರೆ ಎಲ್ಲಿಗೂ ಇಲ್ಲ. ಅಪ್ಪ ಅಮ್ಮಂದಿರ ಫೋನಿನ ಖಾತೆಯನ್ನು ಮಗನೋ ಅಳಿಯನೋ ಮಾಡಿಕೊಟ್ಟು ಮರೆತಿರುವುದೂ ಇದೇ ಜಾತಿಯದು.

ಆದ್ದರಿಂದ ನಿಮ್ಮ ಮತ್ತು ಮನೆಯ ಹಿರಿಯರ ಇಮೇಲ್ ತೆರೆದು, ಮರುಪಡೆಯಲು ಕೊಟ್ಟಿರುವ ನಂಬರು ಈಗಲೂ ನಿಮ್ಮದೇ ಎಂದು ನೋಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿದರೆ ಗೂಗಲ್ ತಲಾ ಎಂಟು ಅಂಕಿಯ ಹತ್ತು ಬ್ಯಾಕಪ್ ಕೋಡುಗಳನ್ನು ಕೊಡುತ್ತದೆ. ಅವನ್ನು ಕಾಗದದ ಮೇಲೆ ಬರೆದು ಪಹಣಿ, ವಿಮೆ ಪತ್ರಗಳ ಜೊತೆ ಇಡಿ. ನೀವು ಕೇಳದೆ ಒಟಿಪಿ ಬಂದರೆ ಯಾರಿಗೂ ಹೇಳಬೇಡಿ. ಹೇಳಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.