ಮಣ್ಣಿನ ಗೋಡೆಗೆ ಯಾವ ಮಾಡು?

ಮಣ್ಣಿನ ಗೋಡೆಯ ಮನೆ ಕಟ್ಟುವವರು ಮಾಡಿಗೆ ಏನು ಹೊದಿಸಬೇಕೆಂದು ನಮ್ಮನ್ನು ಕೇಳುತ್ತಾರೆ. ಮುಳಿಹುಲ್ಲು ತಂಪು, ಆದರೆ ಆಗಾಗ ಹೊಸದಾಗಿ ಹೊದಿಸಬೇಕು, ಬೆಂಕಿಯ ಭಯವೂ ಇದೆ. ತಗಡು ಹಗುರ, ಬೇಸಗೆಯಲ್ಲಿ ಸೆಕೆ ತಾಳಲಾಗದು.

ಅಗ್ಗವೆಂದು ಆಸ್ಬೆಸ್ಟಾಸ್ ಶೀಟು ತರಬೇಡಿ. ಅದನ್ನು ಕೊಯ್ಯುವಾಗ, ತೂತು ಕೊರೆಯುವಾಗ ಏಳುವ ಧೂಳಿನ ಸೂಕ್ಷ್ಮ ನಾರು ಶ್ವಾಸಕೋಶ ಸೇರಿದರೆ ಹಲವು ವರ್ಷಗಳ ಬಳಿಕ ಕ್ಯಾನ್ಸರ್ ಬರಬಹುದು. ಹಳೆಯ ಶೀಟು ಇಳಿಸುವುದಿದ್ದರೆ ನೀರಿನಿಂದ ನೆನೆಸಿ, ಒಡೆಯದೆ ಇಡಿಯಾಗಿ ತೆಗೆಯಿರಿ. ಅದರ ಮೇಲೆ ಕಾಲಿಡಬೇಡಿ.

ನಮ್ಮ ಕಾಸರಗೋಡಿನ ಮಳೆಗೆ ಹಂಚೇ ಒಳ್ಳೆಯದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹಂಚು ಕರಾವಳಿಯ ಮನೆಮನೆಗೂ ಬಂತು. ಹೊಸ ಹಂಚು ಸುಡಲು ಸೌದೆ ಬೇಕು. ಕೆಡವಿದ ಮನೆಯ ಹಂಚು ಸಿಕ್ಕಿದರೆ ಹಣವೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ತಟ್ಟಿ ನೋಡಿ ಕೊಳ್ಳಿರಿ: ಟಣ್ ಎಂದರೆ ಗಟ್ಟಿ, ಒಡಕು ಸದ್ದಾದರೆ ಬಿರುಕು. ಎಲ್ಲವೂ ಒಂದೇ ಅಚ್ಚಿನವಾಗಿರಲಿ. ಇಲ್ಲದಿದ್ದರೆ ಒಂದಕ್ಕೊಂದು ಕೂರದೆ ಸೋರುತ್ತದೆ.

ಹಂಚು ಭಾರ, ಪಕ್ಕಾಸು, ರೀಪು ಬಲವಾಗಿರಲಿ. ಮಾಡನ್ನು ಗೋಡೆಯಿಂದ 2–3 ಅಡಿ ಹೊರಕ್ಕೆ ಚಾಚಿಸಿ. ಮಣ್ಣಿನ ಗೋಡೆಗೆ ಮಳೆಯ ಎರಚಲೇ ಶತ್ರು. ಪ್ರತಿವರ್ಷ ಮಳೆಗೆ ಮೊದಲು ಸರಿದ ಹಂಚನ್ನು ಸರಿಪಡಿಸಿದರೆ ಮನೆ ಮೊಮ್ಮಕ್ಕಳ ಕಾಲಕ್ಕೂ ನಿಂತೀತು.