ಬಾಣಂತಿಯ ಮನಸ್ಸಿಗೂ ಬೇಡವೆ ಆರೈಕೆ?

ಕೊರಟಗೆರೆಯ ಕಡೆ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳೆಂದರೆ ಮನೆಯೇ ಸಜ್ಜಾಗುತ್ತದೆ. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆ ಸಲ್ಲುತ್ತದೆ. ಹರಳೆಣ್ಣೆ, ಸಾಂಬ್ರಾಣಿ, ಬಜೆ, ಮೆಣಸು ಒಂದೊಂದಾಗಿ ಮನೆ ಸೇರುತ್ತವೆ. ಮಗು ಹುಟ್ಟಿದ ಮೇಲೆ ತಾಯಿಯ ಸೊಂಟ ಗಟ್ಟಿಯಾಯಿತೆ, ಎದೆಯಲ್ಲಿ ಹಾಲು ಇಳಿಯಿತೆ, ನಂಜಿನ ಪದಾರ್ಥವೇನಾದರೂ ಬಾಯಿಗೆ ಬಿದ್ದಿತೆ ಎಂದು ವಿಚಾರಿಸುವವರು ಹತ್ತು ಮಂದಿ. ‘ನಿನ್ನ ಮನಸ್ಸು ಹೇಗಿದೆ ಮಗಳೆ?’ ಎಂದು ಕೇಳುವವರು ಮಾತ್ರ ಅಪರೂಪ.

ಹೆರಿಗೆಯಾದ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣು ತುಂಬಿಕೊಳ್ಳುವುದು ಬಹುಪಾಲು ತಾಯಂದಿರ ಅನುಭವ. ಎರಡು ವಾರಗಳೊಳಗೆ ಅದು ತಾನಾಗಿ ಅಡಗುತ್ತದೆ. ಅಷ್ಟು ದಿನ ಕಳೆದರೂ ಮುಖ ಅರಳದಿದ್ದರೆ, ಮಗು ಮಲಗಿರುವಾಗಲೂ ತಾಯಿಗೆ ನಿದ್ದೆ ಹತ್ತದಿದ್ದರೆ, ಕೂಸಿಗೇನಾಗುವುದೋ ಎಂಬ ದಿಗಿಲು ಹಗಲಿರುಳು ಕಾಡುತ್ತಿದ್ದರೆ, ತಾನು ತಾಯಿಯಾಗಲು ತಕ್ಕವಳಲ್ಲವೆಂದು ಅವಳು ಒಳಗೊಳಗೇ ಕೊರಗುತ್ತಿದ್ದರೆ, ಅದು ಖಿನ್ನತೆಯ ಸೂಚನೆ. ಎಷ್ಟೋ ಬಾರಿ ಅದು ಗರ್ಭಿಣಿಯಾಗಿದ್ದಾಗಲೇ ತಲೆದೋರಿರುತ್ತದೆ. ಇದು ಸೋಮಾರಿತನವಲ್ಲ, ನಟನೆಯಲ್ಲ, ಕೂಸಿನ ಮೇಲೆ ಮಮತೆಯಿಲ್ಲವೆಂಬುದಕ್ಕೆ ಸಾಕ್ಷಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ನಮ್ಮಂತಹ ಅಭಿವೃದ್ಧಿಶೀಲ ದೇಶಗಳಲ್ಲಿ ನೂರು ಗರ್ಭಿಣಿಯರಲ್ಲಿ 15ಕ್ಕೂ ಮಿಕ್ಕಿ, ನೂರು ಬಾಣಂತಿಯರಲ್ಲಿ ಸುಮಾರು 20 ಮಂದಿ ಇಂತಹ ಮಾನಸಿಕ ತೊಂದರೆಗೆ, ಹೆಚ್ಚಾಗಿ ಖಿನ್ನತೆಗೆ, ಒಳಗಾಗುತ್ತಾರೆ.

ಇದಕ್ಕೆ ಕಾರಣಗಳು ಬಾಣಂತಿಯ ಮೈಯಲ್ಲಷ್ಟೇ ಅಲ್ಲ, ಅವಳ ಸುತ್ತಲೂ ಇವೆ. ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಡತನ, ಗಂಡನೊಡನೆ ಹೊಂದಿಕೆಯಿಲ್ಲದ ಬಾಳು, ಹುಟ್ಟಿದ ಕೂಸು ಹೆಣ್ಣೆಂಬ ನಿರಾಶೆ ಇವುಗಳನ್ನು ಮುಖ್ಯವಾಗಿ ಹೆಸರಿಸಿತು. ಒಂಟಿತನವನ್ನೂ ಈ ಪಟ್ಟಿಗೆ ಸೇರಿಸಬೇಕು. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಕಟ್ಟಳೆಯಂತೆ ಹಸಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ ಗಾಳಿಗೆ ಸಿಕ್ಕಿ ಕಾಯಿಲೆಬಿದ್ದ ಶಿಶು ಬದುಕಲಿಲ್ಲ. ಆ ಸುದ್ದಿಯನ್ನೋದಿ ಪಟ್ಟಣದವರು ಮರುಗಿದರು. ಆದರೆ ತಾರಸಿ ಮನೆಯ ಮುಚ್ಚಿದ ಕೋಣೆಯಲ್ಲಿ, ಎಲ್ಲರ ನಡುವೆಯೇ ಒಬ್ಬಂಟಿಯಾಗಿ ಅಳುವ ಬಾಣಂತಿಯೂ ಅಂತಹ ಗುಡಿಸಲಿನಲ್ಲೇ ಇದ್ದಾಳೆಂಬುದು ನಮಗೆ ಹೊಳೆಯುವುದಿಲ್ಲ.

ನೆರವು ದೂರದಲ್ಲೇನೂ ಇಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಬರಬೇಕೆಂಬುದು ಸರಕಾರದ ಕ್ರಮ. ಕೂಸಿನ ತೂಕ ನೋಡಲು ಬಂದವಳ ಬಳಿ ಮನಸ್ಸಿನ ಭಾರವನ್ನೂ ಹೇಳಿಕೊಳ್ಳಬಹುದು. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಾದರೆ ಸುಮಾರು 25 ಕಿಲೋಮೀಟರು ದೂರದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಇದೆ. 14416ಕ್ಕೆ ಕರೆಮಾಡಿದರೆ ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲೇ, ಹಣವಿಲ್ಲದೆ, ಸಲಹೆ ದೊರೆಯುತ್ತದೆ. ಔಷಧ ತೆಗೆದುಕೊಂಡರೆ ಹಾಲು ಬಿಡಿಸಬೇಕಾದೀತೆಂಬ ಭಯ ಹಲವರಿಗುಂಟು. ಮಗುವಿಗೆ ಹಾಲೂಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಅವನ್ನು ವೈದ್ಯರೇ ಆರಿಸಿ ಕೊಡಬೇಕು.

ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬಾಣಂತಿಗೆ ಬುದ್ಧಿ ಭ್ರಮಿಸಿ, ಇಲ್ಲದ ದನಿಗಳು ಕೇಳಿಸತೊಡಗುತ್ತವೆ. ಹಿಂದಿನವರು ಇದನ್ನೇ ಬಾಣಂತಿ ಸನ್ನಿಯೆಂದರು. ಅಂತಹ ಸಮಯದಲ್ಲಿ, ಅಥವಾ ಬದುಕೇ ಬೇಡವೆಂಬ ಮಾತು ಅವಳ ಬಾಯಿಂದ ಬಂದಾಗ, ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತ ದಿನ ಕಳೆಯಬಾರದು. ಅವಳನ್ನು ಒಂಟಿಯಾಗಿ ಬಿಡದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆಸ್ಪತ್ರೆಯೆಂದರೆ ತಾಯಿ ಮಗುವನ್ನು ಅಗಲಿಸುವ ಸ್ಥಳವೆಂದು ಹೆದರಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2009ರಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಿಭಾಗವನ್ನು ತೆರೆಯಿತು. ಭಾರತದಲ್ಲಿ ಇಂತಹದು ಅದೇ ಮೊದಲನೆಯದು. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸಿದೆ.

ಇಷ್ಟಾದರೂ ಎಲ್ಲಕ್ಕೂ ದೊಡ್ಡ ವೈದ್ಯರೇ ಬೇಕೆಂದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಸಾಧಾರಣ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಗೊಳಗಾಗಿದ್ದ ಗರ್ಭಿಣಿಯರ ಮನೆಗೆ ಕಳುಹಿಸಲಾಯಿತು. ಅವರು ಮಾಡಿದ್ದು ಕ್ರಮವರಿತು ಮಾತನಾಡಿಸಿದ್ದು, ಮನೆಯವರನ್ನೂ ಜೊತೆಗೂಡಿಸಿಕೊಂಡದ್ದು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು: ಹೆರಿಗೆಯಾದ ಆರು ತಿಂಗಳಿಗೆ, ಈ ನೆರವು ಪಡೆದವರಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 23 ಮಂದಿಯಲ್ಲಿ, ಪಡೆಯದವರಲ್ಲಿ 53 ಮಂದಿಯಲ್ಲಿ. ಮಾತಿಗೂ ಮದ್ದಿನ ಗುಣವುಂಟೆಂಬುದಕ್ಕೆ ಬೇರೆ ಪುರಾವೆ ಬೇಕೆ?

ಮನೆಯವರ ಹೊಣೆ ಇಲ್ಲಿಂದ ತೊಡಗುತ್ತದೆ. ‘ನಾವೆಲ್ಲ ಹೆತ್ತಿಲ್ಲವೆ?’ ಎಂಬ ಮಾತನ್ನು ಅಜ್ಜಿ ತಡೆದುಕೊಳ್ಳಲಿ. ರಾತ್ರಿ ಒಂದು ಹೊತ್ತು ಕೂಸನ್ನು ಬೇರೆಯವರು ಎತ್ತಿಕೊಂಡರೆ ತಾಯಿಗೆ ನಾಲ್ಕು ಗಂಟೆಯಾದರೂ ನಿದ್ದೆ ದೊರೆತೀತು. ಭಾನುವಾರ ಬಂದು ಮಗುವಿನ ಮುಖ ನೋಡಿ ಸಂಜೆಯ ಬಸ್ಸಿಗೆ ಹೊರಡುವ ಗಂಡ ಹೆಂಡತಿಯ ಪಕ್ಕದಲ್ಲಿಯೂ ಒಂದು ಗಳಿಗೆ ಕೂರಲಿ. ಹೊಸ ತಂದೆಯರಲ್ಲಿಯೂ ಹತ್ತರಲ್ಲೊಬ್ಬ ಇದೇ ಕುಗ್ಗನ್ನು ಅನುಭವಿಸುತ್ತಾನಾದ್ದರಿಂದ, ತನ್ನ ದುಗುಡವನ್ನೂ ಅವಳೊಡನೆ ಹಂಚಿಕೊಳ್ಳಲಿ.

ಹಂಡೆಯ ನೀರು ಮೈಯ ನೋವನ್ನು ಇಳಿಸೀತು. ಮನಸ್ಸಿನ ನೋವು ಇಳಿಯಬೇಕಾದರೆ ಮೊದಲು ಯಾರಾದರೂ ಅದನ್ನು ಕೇಳಬೇಕು. ಕೇಳಿದ ಮೇಲೆ, ಉತ್ತರ ಬರುವವರೆಗೆ ಪಕ್ಕದಲ್ಲಿ ಕುಳಿತಿರಬೇಕು.