ಸೀಸದ ಗುಂಡು: ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ

ಕೊಡಗು ಮತ್ತು ಮಲೆನಾಡಿನ ಕಡೆಯಿಂದ ಈ ಊರಿಗೆ ಕೆಲಸಕ್ಕೆ ಬಂದಿರುವ ಮಿತ್ರರು ನಮ್ಮ ವಾಚನಾಲಯದಲ್ಲಿ ಆಗಾಗ ಎತ್ತುವ ಪ್ರಶ್ನೆಯೊಂದುಂಟು. ಅಜ್ಜನ ಕಾಲದಲ್ಲಿ ಮನೆಯಂಗಳದಲ್ಲೇ ಸೀಸ ಕರಗಿಸಿ, ಇಕ್ಕಳದಂಥ ಅಚ್ಚಿನಲ್ಲಿ ಎರೆದು ಗುಂಡು ಮಾಡಿಕೊಳ್ಳುತ್ತಿದ್ದರು. ಕೇಪಿನ ಕೋವಿಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಅಂಥದೇ ಸೀಸದ ಗುಂಡನ್ನು ರೈಫಲಿನ ಖಾಲಿ ತೋಟಾಕ್ಕೆ ಕೂರಿಸಿ ಮತ್ತೆ ಹಾರಿಸಿದರೆ ಗುರಿ ತಪ್ಪುವುದೇಕೆ, ನಳಿಗೆಯಲ್ಲಿ ಸೀಸ ಮೆತ್ತಿಕೊಳ್ಳುವುದೇಕೆ? ಈ ಸಂಚಿಕೆಯಲ್ಲಿ ಅದನ್ನು ನಮಗೆ ತಿಳಿದಮಟ್ಟಿಗೆ ವಿವರಿಸುತ್ತೇವೆ.

ಮೊದಲು ಕಾನೂನಿನ ಮಾತು. ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆತದ್ದು 1861ರಲ್ಲಿ. 1959ರ ಕಾಯಿದೆ ಬಂದ ಮೇಲೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿಷಯದ ವಿನಾಯಿತಿ. ಮದ್ದುಗುಂಡು ತಯಾರಿಸುವುದು ಅದೇ ಕಾಯಿದೆಯ 5ನೆಯ ಕಲಮಿಗೆ ಸೇರಿದ್ದು, ಅದಕ್ಕೆ ಪರವಾನಗಿ ಬೇಕು. ಪರವಾನಗಿಯಿಲ್ಲದೆ ಮಾಡುವುದು ಶಿಕ್ಷಾರ್ಹ. ಆದಕಾರಣ ಕೆಳಗಿನದನ್ನು ತಿಳಿವಳಿಕೆಗಾಗಿ ಓದತಕ್ಕದ್ದು. ಎಷ್ಟು ಮದ್ದು ಹಾಕಬೇಕೆಂಬ ಲೆಕ್ಕ ಇಲ್ಲಿ ಸಿಕ್ಕದು.

ಅಜ್ಜನ ಕೋವಿಯ ನಳಿಗೆ ಒಳಗೆ ನುಣುಪು. ಉರುಟು ಗುಂಡು ಅದಕ್ಕಿಂತ ಸಣ್ಣದು. ಬಟ್ಟೆಯನ್ನೋ ನಾರನ್ನೋ ಸೇರಿಸಿ ಗಿಡಿದರೆ ಸಾಕು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಕಂಪೆನಿಯ ಸಿಪಾಯಿಗಳು ಹಿಡಿದಿದ್ದ ಬಂದೂಕೂ ಇಂಥದೇ. ಅದರ ರಂಧ್ರ ಸುಮಾರು ಮುಕ್ಕಾಲು ಅಂಗುಲ, ಗುಂಡು ಅದಕ್ಕಿಂತ ಸಾಕಷ್ಟು ಕಡಿಮೆ. ಗುಂಡು ಸಡಿಲವಾಗಿದ್ದುದರಿಂದ ಬೇಗ ತುಂಬಬಹುದಾಗಿತ್ತು, ಗುರಿ ಮಾತ್ರ ದೇವರ ಚಿತ್ತ. ರೈಫಲಿನದು ಬೇರೆ ರೀತಿ. ಅದರ ನಳಿಗೆಯೊಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದಿರುತ್ತಾರೆ. ಗುಂಡು ಆ ತೋಡುಗಳನ್ನು ಕಚ್ಚಿ ಹಿಡಿದು ಬುಗುರಿಯಂತೆ ತಿರುಗುತ್ತ ಹೊರಬರಬೇಕು. ಸಡಿಲವಾದರೆ ಕಚ್ಚದು, ಬಿಗಿಯಾದರೆ ಬಾಯಿಯಿಂದ ತುಂಬಲಾಗದು. ಈ ಇಕ್ಕಟ್ಟನ್ನು 1849ರ ಸುಮಾರಿಗೆ ಫ್ರಾನ್ಸಿನ ಮಿನಿಯೆ ಬಿಡಿಸಿದನು. ಗುಂಡಿನ ಬುಡದಲ್ಲಿ ಹಳ್ಳವಿಟ್ಟರೆ ಮದ್ದು ಉರಿದಾಗ ಮೆತ್ತನೆಯ ಸೀಸ ಅರಳಿ ತೋಡುಗಳನ್ನು ತುಂಬುತ್ತದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ರಂಧ್ರ 0.577 ಅಂಗುಲ, ಅದರ ಗುಂಡು ಮೊದಲು 0.568, ಬಳಿಕ 0.55 ಅಂಗುಲ.

ಆದರೂ ಕರಿಮದ್ದಿನ ಮಸಿ ನಳಿಗೆಯಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ಅದನ್ನು ಮೆದುವಾಗಿಡಲೆಂದೇ ತೋಟಾದ ಕಾಗದಕ್ಕೆ ಜಿಡ್ಡು ಬಳಿದರು. 1857ರಲ್ಲಿ ಆ ಜಿಡ್ಡು ಯಾವ ಪ್ರಾಣಿಯದೆಂಬ ಮಾತು ಎಲ್ಲಿಗೆ ಮುಟ್ಟಿತೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಸಿಪಾಯಿಗಳು ತಮಗೆ ಒಪ್ಪಿದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಲೆಂದು ಸರಕಾರ ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಜಿಡ್ಡಿಲ್ಲದ ಸೀಸದ ಗುಂಡು ರೈಫಲಿನಲ್ಲಿ ನಡೆಯದೆಂಬುದು ಅಂದಿಗೂ ನಿಜ, ಇಂದಿಗೂ ನಿಜ.

ಇನ್ನು ಎರಕದ ದೋಷಗಳು. ಇವುಗಳಲ್ಲಿ ಹೆಚ್ಚಿನವು ಗುಂಡಿನ ಮುಖದ ಮೇಲೆಯೇ ಬರೆದಿರುತ್ತವೆ. ಸೀಸ ಕರಗುವುದು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅಚ್ಚು ತಣ್ಣಗಿದ್ದರೆ, ಇಲ್ಲವೇ ಅದರೊಳಗೆ ಎಣ್ಣೆಯ ಪಸೆ ಉಳಿದಿದ್ದರೆ, ಗುಂಡಿನ ಮೈ ಮುದುಕರ ಕೆನ್ನೆಯಂತೆ ಸುಕ್ಕುಗಟ್ಟುತ್ತದೆ. ಅಚ್ಚು ಅತಿಯಾಗಿ ಕಾದರೆ ಮೈಮೇಲೆ ಮಂಜು ಕವಿದಂತೆ ಮಬ್ಬಾಗುತ್ತದೆ. ಮಬ್ಬು ಅಲ್ಪವಾಗಿದ್ದರೆ ಅಂಥ ಕೇಡೇನಿಲ್ಲ. ಅಂಚುಗಳು ಚೂಪಾಗದೆ ಉರುಟಾದರೆ ಸೀಸ ಮೂಲೆಗಳಿಗೆ ಹರಿದಿಲ್ಲವೆಂದರ್ಥ. ಸ್ವಲ್ಪ ತವರ ಬೆರೆಸಿದರೆ ಹರಿವು ಸುಧಾರಿಸುತ್ತದೆ. ಪಕ್ಕದಲ್ಲಿ ತೆಳ್ಳಗಿನ ರೆಕ್ಕೆ ಮೂಡಿದರೆ ಅಚ್ಚಿನ ಎರಡು ಹೋಳುಗಳು ಸರಿಯಾಗಿ ಮುಚ್ಚಿಲ್ಲ. ಏನು ಮಾಡಿದರೂ ಎರಕ ಗಂಟುಗಂಟಾಗಿ ಗಂಜಿಯಂತಾದರೆ, ಗುಜರಿಯಿಂದ ತಂದ ಸೀಸದೊಡನೆ ಸತು ಸೇರಿರುವ ಶಂಕೆಯುಂಟು. ಹಳೆಯ ಬ್ಯಾಟರಿಯ ಸೀಸವನ್ನಂತೂ ಮುಟ್ಟಲೇಬಾರದು. ಅದರಿಂದ ಏಳುವ ವಿಷ ಬೇರೆಯೇ.

ಕಣ್ಣಿಗೆ ಕಾಣದ ದೋಷವೊಂದಿದೆ, ಅದು ಒಳಗಿನ ಟೊಳ್ಳು. ಸೀಸ ಆರುವಾಗ ಕುಗ್ಗುತ್ತದೆ. ಆ ಹೊತ್ತಿಗೆ ಮೇಲಿನಿಂದ ಕರಗಿದ ಸೀಸ ಇಳಿಯದಿದ್ದರೆ ಬುಡದ ಹತ್ತಿರ ಗುಳ್ಳೆ ಉಳಿದುಬಿಡುತ್ತದೆ. ಇದನ್ನು ಹಿಡಿಯುವ ಉಪಾಯ ನಮ್ಮ ಗಿರಣಿ ಮಿತ್ರರಿಗೆ ಹೊಸದಲ್ಲ. 120 ಗಜದ ಲೀ ನೂಲನ್ನು ಗ್ರೇನಿನಲ್ಲಿ ತೂಗಿ, 1000ವನ್ನು ಆ ತೂಕದಿಂದ ಭಾಗಿಸಿ ನಂಬರು ತೆಗೆಯುತ್ತೇವಷ್ಟೆ? 50 ಗ್ರೇನ್ ಬಂದರೆ 20ನೆಯ ನಂಬರು. ಗುಂಡನ್ನೂ ಅದೇ ಗ್ರೇನಿನಲ್ಲಿ ತೂಗುತ್ತಾರೆ. ಒಂದೇ ಬಾಣಲೆಯ ಸೀಸದಿಂದ ಒಂದೇ ಅಚ್ಚಿನಲ್ಲಿ ಎರೆದವುಗಳಲ್ಲಿ ಒಂದು ಹಗುರವಾಗಿದ್ದರೆ ಅದರೊಳಗೆ ಗಾಳಿ ಸೇರಿದೆ ಎನ್ನಬೇಕು.

ಇಷ್ಟು ಸಣ್ಣ ಗುಳ್ಳೆ ಏನು ಮಾಡೀತು ಎನ್ನುವವರು ಈ ಲೆಕ್ಕ ನೋಡಲಿ. 303 ರೈಫಲಿನ ತೋಡು 10 ಅಂಗುಲಕ್ಕೆ ಒಂದು ಸುತ್ತು ಹಾಕುತ್ತದೆ. ಕಾರ್ಖಾನೆಯ ಗುಂಡಿನ ವೇಗ ಸೆಕೆಂಡಿಗೆ 2440 ಅಡಿ, ಅಂದರೆ 29,280 ಅಂಗುಲ. ಒಂದು ಸೆಕೆಂಡಿಗೆ 2928 ಸುತ್ತು! ನಿಮಿಷಕ್ಕೆ 18,000 ಸುತ್ತುವ ರಿಂಗ್‌ಫ್ರೇಮಿನ ಕದಿರು ಸೆಕೆಂಡಿಗೆ ಸುತ್ತುವುದು 300 ಸಲ ಮಾತ್ರ. ತೂಕ ಒಂದು ಪಕ್ಕಕ್ಕೆ ವಾಲಿದ ಕದಿರು ಹೇಗೆ ಗಡಗಡಿಸುತ್ತದೆಂಬುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಗುಂಡು ಚೆನ್ನಾಗಿದ್ದೂ ನಳಿಗೆಯೊಳಗೆ ಸೀಸ ಮೆತ್ತಿಕೊಳ್ಳುವುದುಂಟು. ಎಲ್ಲಿ ಮೆತ್ತಿದೆಯೆಂಬುದೇ ಕಾರಣವನ್ನು ಹೇಳುತ್ತದೆ. ತೋಟಾ ಕೂರುವ ಕಡೆಗೆ ಮೆತ್ತಿದ್ದರೆ ಗುಂಡು ಸಣ್ಣದು. ಪಕ್ಕದಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಕೊರೆದಿದೆ. ತೋಡಿನ ಅಳತೆಗಿಂತ ಗುಂಡು ಅಂಗುಲದ ಸಾವಿರದಲ್ಲಿ ಒಂದೆರಡು ಪಾಲು ದಪ್ಪವಿರಬೇಕೆನ್ನುತ್ತಾರೆ. ಈ ಮೇಜಿನ ಮೇಲಿರುವ ದಿನಪತ್ರಿಕೆಯ ಹಾಳೆಯ ದಪ್ಪವೇ ಸುಮಾರು ಮೂರು ಪಾಲು! ಬಾಯಿಯ ಕಡೆಗೆ ಮೆತ್ತಿದ್ದರೆ ಜಿಡ್ಡು ದಾರಿಯಲ್ಲೇ ಮುಗಿದಿದೆ. ಉದ್ದಕ್ಕೂ ಮೆತ್ತಿದ್ದರೆ ಸೀಸ ಮೆತ್ತಗಾಯಿತು, ಇಲ್ಲವೇ ವೇಗ ಅತಿಯಾಯಿತು. ಶುದ್ಧ ಸೀಸದ ಮೇಲೆ ಉಗುರಿನಿಂದಲೇ ಗೀರಬಹುದು. ಅಷ್ಟು ಮೆದುವಾದದ್ದು ತೋಡನ್ನು ಹಿಡಿಯದೆ ಜಾರಿಬಿಡುತ್ತದೆ. ಆಂಟಿಮನಿ ಬೆರೆಸಿದರೆ ಗಡಸಾಗುತ್ತದೆ. ಹಿಂದೆ ಅಚ್ಚುಕೂಟಗಳ ಅಕ್ಷರದ ಮೊಳೆಗಳು ಇದೇ ಸೀಸ, ಆಂಟಿಮನಿ, ತವರಗಳ ಮಿಶ್ರಣವಾಗಿದ್ದವು. ಆದರೆ ಗಡಸೂ ಅತಿಯಾದರೆ ಗುಂಡು ಅರಳದು, ಅನಿಲ ಮತ್ತೆ ಪಕ್ಕದಿಂದ ನುಗ್ಗುತ್ತದೆ. ಮೆತ್ತಿದ ಸೀಸವನ್ನು ಕಾರ್ಖಾನೆಯ ಗುಂಡು ಹಾರಿಸಿ ಕಳೆಯಬಹುದೆಂದು ಕೆಲವರು ಹೇಳುವುದುಂಟು. ಇದು ಅಪಾಯದ ಬುದ್ಧಿವಾದ. ಇಕ್ಕಟ್ಟಾದ ನಳಿಗೆಯಲ್ಲಿ ಒತ್ತಡ ಏರಿ ಕೋವಿಯೇ ಸಿಡಿದೀತು.

ವೇಗದ ರೈಫಲುಗಳಿಗೆ ಬರಿಯ ಸೀಸ ಒಗ್ಗದೆಂದು ಕಂಡುಕೊಂಡೇ 1882ರಲ್ಲಿ ಸ್ವಿಟ್ಜರ್ಲೆಂಡಿನ ರೂಬಿನ್ ಸೀಸಕ್ಕೆ ತಾಮ್ರದ ಅಂಗಿ ತೊಡಿಸಿದನು. ಮನೆಯ ಅಚ್ಚಿಗೂ ಹೊಸ ರೈಫಲಿಗೂ ನಂಟು ಅಲ್ಲಿಗೆ ಮುಗಿದಂತೆಯೇ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಅಚ್ಚು ಮನೆಯಲ್ಲಿದ್ದರೆ ಎಣ್ಣೆ ಸವರಿ ಇಟ್ಟುಕೊಳ್ಳಿರಿ, ಅದು ಮನೆತನದ ವಸ್ತು. ಸೀಸ ಕರಗಿಸಿದ ಬಾಣಲೆ ಮಾತ್ರ ಅಡಿಗೆಮನೆಗೆ ಮರಳಬಾರದು. ಕರಗಿದ ಸೀಸದೊಳಕ್ಕೆ ಒಂದು ಹನಿ ನೀರು ಇಳಿದರೂ ಅದು ಒಮ್ಮೆಲೇ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಸೀಸದ ಬೂದಿ, ಧೂಳು ಕೈಯಿಂದ ಬಾಯಿಗೆ ಹೋಗಿ ಮೈಯಲ್ಲಿ ಸೇರಿಕೊಳ್ಳುತ್ತವೆ. ಮಕ್ಕಳ ಬುದ್ಧಿಬೆಳವಣಿಗೆಗೆ ಅದು ನೇರ ಹಾನಿ. ಇಷ್ಟಾದರೆ ಪರವಾಯಿಲ್ಲವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಈ ಊರಿನಲ್ಲಿ ಸಂಸಾರ ಹೂಡಿರುವವರಿಗೆ ಇನ್ನೊಂದು ಮಾತು. ಇಲ್ಲಿ ಸಾರು ಕಾಯಿಸುವ ‘ಈಯ ಚೊಂಬು’ ತವರದ್ದಾಗಿರಬೇಕು. ಆದರೆ ತಮಿಳಿನಲ್ಲಿ ‘ಈಯಂ’ ಎಂದರೆ ಸೀಸವೂ ಆಗುತ್ತದೆ. ‘ವೆಳ್ಳೀಯಂ’ ತವರ, ‘ಕಾರೀಯಂ’ ಸೀಸ. ಸೀಸ ಬೆರೆತ ಚೊಂಬನ್ನು ನೋಟದಿಂದ ತಿಳಿಯುವುದು ಕಷ್ಟ. ಆದ್ದರಿಂದ ಅಗ್ಗವೆಂದು ಬೀದಿಯಲ್ಲಿ ಕೊಳ್ಳದೆ, ಶುದ್ಧ ತವರವೆಂದು ರಶೀದಿಯಲ್ಲಿ ಬರೆದುಕೊಡುವ ಅಂಗಡಿಯಲ್ಲೇ ಕೊಳ್ಳಿರಿ.